ಹುದುಗಿನ ದೋಷಾದೋಷ

‘ಹುದುಗು’ ಎಂಬ ಕನ್ನಡದ ಮಾತಿಗೆ ಎರಡು ಮುಖಗಳುಂಟು. ಅಡಗಿಕೊಂಡಿರುವುದು ಎಂಬುದು ಒಂದು. ರುಬ್ಬಿಟ್ಟ ಹಿಟ್ಟೊ ಹಿಂಡಿಟ್ಟ ರಸವೊ ರಾತ್ರಿ ಕಳೆಯುವುದರೊಳಗೆ ಉಬ್ಬಿ, ಹುಳಿಯೇರಿ, ಬೇರೊಂದು ಪದಾರ್ಥವೇ ಆಗಿಬಿಡುವುದು ಎಂಬುದು ಇನ್ನೊಂದು. ಈ ಎರಡರ್ಥಗಳೂ ಒಂದೇ ಶಬ್ದದಲ್ಲಿ ನೆಲೆಸಿರುವುದು ಎಷ್ಟು ಉಚಿತವೆಂಬುದು ನನಗೆ ಮನವರಿಕೆಯಾದದ್ದು ತರಗತಿಯಲ್ಲಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ಅಡುಗೆಮನೆಯಲ್ಲಿ, ಅದೂ ಬಿಯರ್ ತಯಾರಿಕೆಯ ಪ್ರಸಂಗದಲ್ಲಿ.

ಕನ್ನಡದ ಅಧ್ಯಾಪಕನಿಗೂ ಬಿಯರಿಗೂ ಎತ್ತಣಿಂದೆತ್ತ ನಂಟು ಎಂದು ವಾಚಕರು ಹುಬ್ಬೇರಿಸುವುದು ಸಹಜ. ನಂಟು ಹಳೆಯದೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಓಲೆಗರಿಯ ರೂಪದಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದರಷ್ಟೆ. ಆ ಗ್ರಂಥದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆಂದೇ ಒಂದು ಅಧ್ಯಾಯವಿದೆ. ಮದ್ಯಕ್ಕೆ ಹಾಕುವ ‘ಕಿಣ್ವ’ದ ಪಾಕವನ್ನು ಹೇಳುವಾಗ ಅಲ್ಲಿ ಮೊದಲು ಬರುವುದು ಉದ್ದು, ಅದರ ಬೆನ್ನಿಗೆ ಅಕ್ಕಿ! ನಮ್ಮ ಮನೆಗಳ ಒರಳುಕಲ್ಲನ್ನು ನೆನೆಯದೆ ಆ ಭಾಗವನ್ನು ಓದುವುದು ನನಗಂತೂ ಸಾಧ್ಯವಾಗಿಲ್ಲ. ಇಂದಿನ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಕಿಣ್ವವೆಂದರೆ ಜಠರದ ರಸವೆಂದು ಬಾಯಿಪಾಠ ಮಾಡುತ್ತಾರೆ; ಆ ಮಾತು ಹೆಂಡದ ಮಡಕೆಯಿಂದ ಎದ್ದು ಬಂದದ್ದೆಂದು ಅವರಿಗೆ ಯಾರೂ ಹೇಳುವುದಿಲ್ಲ. ಉತ್ಸವಾದಿ ವಿಶೇಷ ದಿನಗಳಲ್ಲಿ ಗೃಹಸ್ಥರು ತಮ್ಮ ಮನೆಯಲ್ಲಿಯೇ ಶ್ವೇತಸುರೆಯನ್ನು ಮಾಡಿಕೊಳ್ಳಬಹುದೆಂದು ಕೌಟಿಲ್ಯನು ಅನುಮತಿ ಕೊಟ್ಟಿದ್ದಾನೆ.

ಆ ಅನುಮತಿ ಈಗ ನಮ್ಮ ನಾಡಿನಲ್ಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿಯೂ ಮನೆಯ ಬಿಯರಿಗೆ ಪರವಾನಗಿ ಬೇಕೆಂಬ ಹಳೆಯ ಕಟ್ಟಳೆಯಿತ್ತು. 1963ರಲ್ಲಿ ಹಣಕಾಸಿನ ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ಮಾಡಿ ಕುಡಿಯಲು ಅಡ್ಡಿಯಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ ಇಂಥದೇ ಶಾಸನಕ್ಕೆ ಸಹಿ ಹಾಕಿದ್ದು 1978ರಲ್ಲಿ. ಅಲ್ಲಿನ ಅಲಬಾಮಾ, ಮಿಸಿಸಿಪಿ ಸಂಸ್ಥಾನಗಳು ಒಪ್ಪಿಕೊಳ್ಳುವ ಹೊತ್ತಿಗೆ 2013 ಬಂದಿತ್ತು.

ನನ್ನ ಅಕ್ಕನ ಮಗ ಲೀಡ್ಸಿನಲ್ಲಿ ಇಂಜಿನಿಯರು. ಬೇಸಗೆಯ ರಜೆಯಲ್ಲಿ ಅವನ ಮನೆಯಲ್ಲಿ ಆರು ವಾರ ಉಳಿದಿದ್ದೆ. ಆ ಹೊತ್ತಿಗಾಗಲೇ ಅವನು ಮೂರು ಸಲ ಬಿಯರ್ ಮಾಡಿ, ಮೂರೂ ಸಲ ಕೈಸುಟ್ಟುಕೊಂಡಿದ್ದ. ನಾನು ಕುಡಿಯುವವನಲ್ಲ, ಆದರೆ ಕೆಟ್ಟದ್ದು ಏಕೆ ಕೆಟ್ಟಿತೆಂದು ಹುಡುಕುವ ಚಪಲ ಹಳಗನ್ನಡ ಪಾಠಾಂತರಗಳನ್ನು ನೋಡುವವನಿಗೆ ಸ್ವಭಾವದಲ್ಲೇ ಬಂದಿರುತ್ತದೆ. ಮೂಸಿ ನೋಡುವುದು, ನಾಲಗೆಯ ತುದಿಗೆ ತಾಗಿಸುವುದು, ಬರೆದಿಡುವುದು, ಈ ಮೂರು ಕೆಲಸ ನನ್ನ ಪಾಲಿಗೆ ಬಂದವು.

ಮಾಡುವ ಕ್ರಮ ಸರಳವಾದದ್ದು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಮಕ್ಕಳಿಗೆ ಸರಿ ಮಾಡುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಲ್ಟಿನ ಸಿಹಿಯನ್ನು ಬಿಸಿನೀರಿಗೆ ಇಳಿಸಿ, ಹಾಪ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಒಂದು ಗಂಟೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಮುಚ್ಚಿಡುವುದು. ಹೊಸಬರು ಈ ಸಿಹಿಯನ್ನು ಗಟ್ಟಿ ಪಾಕದ ರೂಪದಲ್ಲಿ ಡಬ್ಬಿಯಲ್ಲಿಯೇ ಕೊಳ್ಳುತ್ತಾರೆ. 23 ಲೀಟರಿಗೆ ಬೇಕಾದ ಸಾಮಗ್ರಿಯ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಹದಿನಾಲ್ಕು ದಿನಗಳಲ್ಲಿ ಸಿಹಿ ಮದ್ಯವಾಗುತ್ತದೆ. ಅನಂತರ ಚೂರು ಸಕ್ಕರೆ ಸೇರಿಸಿ ಸೀಸೆಗೆ ತುಂಬಿ ಬಿಗಿದರೆ ಒಳಗೇ ನೊರೆ ಹುಟ್ಟುತ್ತದೆ. ಇಷ್ಟೇ. ಇಷ್ಟರಲ್ಲಿಯೇ ಎಲ್ಲ ತೊಡಕುಗಳೂ ಇವೆ.

ಮೊದಲನೆಯದು ಮೌನ. ಬಕೀಟಿನ ಮುಚ್ಚಳದ ಮೇಲೆ ನೀರು ತುಂಬಿದ ಒಂದು ಡೊಂಕು ಕೊಳವೆ ಇರುತ್ತದೆ. ಒಳಗಿನ ಅನಿಲ ಗುಳುಗುಳು ಎಂದು ಅದರಲ್ಲಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ನಾಲ್ಕನೆಯ ಸಲ ಯೀಸ್ಟ್ ಹಾಕಿ ಒಂದೂವರೆ ದಿನ ಕಳೆದರೂ ಆ ಕೊಳವೆ ಮಾತಾಡಲಿಲ್ಲ.

“ಸತ್ತುಹೋಗಿದೆ ಮಾವ, ಚೆಲ್ಲಿಬಿಡುತ್ತೇನೆ” ಎಂದ.

“ನಾಡಿ ನೋಡದೆ ಸತ್ತಿತೆಂದು ಹೇಗೆ ಹೇಳುತ್ತೀಯೊ?” ಎಂದೆ.

ನಾಡಿ ನೋಡುವ ಉಪಕರಣ ಅವನ ಪೆಟ್ಟಿಗೆಯಲ್ಲಿಯೇ ಇತ್ತು. ಕಾಗದದ ಸುತ್ತಿಗೆಯನ್ನು ಸಹ ಬಿಚ್ಚಿರಲಿಲ್ಲ. ಹೈಡ್ರೋಮೀಟರ್ ಎಂಬ ಆ ಗಾಜಿನ ಕಡ್ಡಿ, ನಮ್ಮ ಡೈರಿಗಳಲ್ಲಿ ಹಾಲಿನ ನೀರನ್ನು ಹಿಡಿಯುವ ಲ್ಯಾಕ್ಟೋಮೀಟರಿನ ಒಡಹುಟ್ಟು. ದ್ರವದಲ್ಲಿ ಸಕ್ಕರೆ ಹೆಚ್ಚಿದ್ದರೆ ಮೇಲೆ ತೇಲುತ್ತದೆ, ಕರಗಿದಂತೆಲ್ಲ ಕೆಳಗಿಳಿಯುತ್ತದೆ. ನೀರಿನ ಗುರುತು 1.000. ಡಬ್ಬಿಯ ಚೀಟಿಯಲ್ಲಿ ಆರಂಭದ ಅಂಕ 1.042 ಎಂದಿತ್ತು, ಅಂದು ನೋಡಿದರೆ 1.036. ಮುಚ್ಚಳದ ಅಂಚು ಸಡಿಲವಾಗಿ ಅನಿಲ ಅಲ್ಲಿಂದ ಹೋಗುತ್ತಿತ್ತು, ಅಷ್ಟೇ. ಒಳಗೆ ಕೆಲಸ ಸಾಂಗವಾಗಿ ನಡೆದಿತ್ತು. ಗುಳುಗುಳು ಸದ್ದು ಬಂದರೆ ಜೀವವಿದೆ, ನಿಂತರೆ ಮುಗಿಯಿತು ಎಂಬ ನಂಬಿಕೆಯೊಂದೇ ಹೊಸಬರ ಅರ್ಧ ಅನರ್ಥಗಳಿಗೆ ಮೂಲವೆಂದು ನನ್ನ ಅಭಿಪ್ರಾಯ. ಯೀಸ್ಟ್ ಮೂರು ದಿನದವರೆಗೆ ಸುಮ್ಮನಿರುವುದೂ ಉಂಟು. ಹಳೆಯ ಯೀಸ್ಟಾದರೆ, ಕುದಿಸಿದ ರಸ ಆರುವ ಮೊದಲೇ ಹಾಕಿದ್ದರೆ, ಅಥವಾ ಕೋಣೆ ತಣ್ಣಗಿದ್ದರೆ, ಆಗ ನಿಜವಾಗಿಯೂ ಏಳದೆ ಹೋಗಬಹುದು. ಹೊಸ ಯೀಸ್ಟ್ ಹಾಕುವುದು ಅಂಥಲ್ಲಿ ಮಾತ್ರ.

ತಣ್ಣಗಿರುವ ಕಷ್ಟ ನಮ್ಮ ಹೆಂಗಸರಿಗೆ ಗೊತ್ತು. ಲೀಡ್ಸಿನಲ್ಲಿ ಏಪ್ರಿಲ್ ತಿಂಗಳಲ್ಲಿಯೂ ಇರುಳು ಚಳಿ. ರಾತ್ರಿ ಮನೆಯ ಒಲೆಕೊಳವೆಗಳು ಆರಿದರೆ ಕೋಣೆಯೂ ಆರುತ್ತದೆ. ಅಕ್ಕನ ಸೊಸೆ ಇಡ್ಲಿ ಹಿಟ್ಟನ್ನು ಒಲೆಪೆಟ್ಟಿಗೆಯೊಳಗೆ ದೀಪವೊಂದನ್ನು ಹಚ್ಚಿ ಇಡುತ್ತಿದ್ದಳು. ಅದನ್ನು ಕಂಡೇ ಅವನು ತನ್ನ ಮೊದಲ ಬಿಯರನ್ನು ಬಿಸಿ ಕೊಳವೆಯ ಪಕ್ಕಕ್ಕೆ ಒತ್ತರಿಸಿ ಇಟ್ಟದ್ದು. ಇಡ್ಲಿಗೆ ಒಳ್ಳೆಯದು ಬಿಯರಿಗೆ ಕೆಟ್ಟದ್ದಾಯಿತು. ಇಡ್ಲಿ ಹಿಟ್ಟನ್ನು ಬಹುಮಟ್ಟಿಗೆ ಉಬ್ಬಿಸುವುದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಬೆಚ್ಚಗಿದ್ದಷ್ಟೂ ಉತ್ಸಾಹ. ಇಂಗ್ಲಿಷರ ಏಲ್ ಜಾತಿಯ ಯೀಸ್ಟಿಗೆ 18ರಿಂದ 20 ಡಿಗ್ರಿ ಸಾಕು. ಹುದುಗುವಾಗ ರಸ ತಾನೇ ಶಾಖವನ್ನು ಹುಟ್ಟಿಸುವುದರಿಂದ ಒಳಗಿನ ಉಷ್ಣತೆ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ. ಕೋಣೆಯ ಗೋಡೆಗೆ ತೂಗುಹಾಕಿದ ಉಷ್ಣಮಾಪಕವನ್ನು ನಂಬಿದರೆ ಮೋಸ. ಮಿತಿಮೀರಿ ಕಾದ ಯೀಸ್ಟ್ ಅವಸರದಲ್ಲಿ ಕೆಲಸ ಮುಗಿಸಿ, ಬಾಳೆಹಣ್ಣಿನ ವಾಸನೆಯನ್ನೂ ಬಣ್ಣ ಕದಡುವ ಎಣ್ಣೆಯಂಥ ಘಾಟನ್ನೂ ಬಿಟ್ಟುಹೋಗುತ್ತದೆ. ಆ ಘಾಟಿಗೆ ಮದ್ದಿಲ್ಲ. ಬಕೀಟನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ, ಒದ್ದೆಬಟ್ಟೆ ಹೊದಿಸಿದರೆ ಏರಿಳಿತ ತಗ್ಗುತ್ತದೆ. ನಾವು ಮಾಡಿದ್ದೂ ಅದನ್ನೇ.

ಇನ್ನು ಶುಚಿತ್ವ. ಕುದಿಯುವ ಮೊದಲು ಪಾತ್ರೆ ಹೇಗಿದ್ದರೂ ನಡೆಯುತ್ತದೆ, ಕುದಿ ಎಲ್ಲವನ್ನೂ ಸುಡುತ್ತದೆ. ಆರಿದ ಮೇಲೆ ಮುಟ್ಟುವ ಸೌಟು, ನಳಿಗೆ, ಮುಚ್ಚಳ ಎಲ್ಲವೂ ಬರಿಯ ಶುಚಿಯಾಗಿದ್ದರೆ ಸಾಲದು. ಅವರ ಪುಸ್ತಕಗಳು ತೊಳೆಯುವುದಕ್ಕೂ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೂ ಇರುವ ಅಂತರವನ್ನು ಪುಟಗಟ್ಟಲೆ ಬಿಡಿಸಿ ಹೇಳುತ್ತವೆ. ಅವನಿಗೆ ಅದು ತಲೆಗೆ ಹತ್ತಿರಲಿಲ್ಲ. “ತೊಳೆದದ್ದೆಲ್ಲ ಮಡಿಯಲ್ಲವಪ್ಪ, ನಿಮ್ಮಜ್ಜಿ ಒಗೆದ ಸೀರೆಯನ್ನು ಗಳುವಿನ ಮೇಲೆ ಒಣಹಾಕಿ, ಯಾರೂ ಮುಟ್ಟದಂತೆ ಕೋಲಿನಿಂದ ತೆಗೆಯುತ್ತಿದ್ದಳಲ್ಲ, ಆ ಮಡಿ” ಎಂದ ಕೂಡಲೇ ತಿಳಿಯಿತು. ಅಲ್ಲಿಂದ ಮುಂದೆ ಅವನ ಮನೆಯಲ್ಲಿ ಔಷಧಿಯ ನೀರಿನಲ್ಲಿ ಅದ್ದಿದ ನಳಿಗೆ ‘ಮಡಿ ನಳಿಗೆ’, ಬರಿದೆ ತೊಳೆದದ್ದು ‘ಮೈಲಿಗೆ ನಳಿಗೆ’. ಮಡಿಯ ಸಾಮಾಜಿಕ ಹೊರೆಯನ್ನು ಬಲ್ಲ ನನಗೆ ಆ ಪದಕ್ಕೊಂದು ನಿರುಪದ್ರವಿಯಾದ ಉದ್ಯೋಗ ದೊರೆತದ್ದು ಕಂಡು ಸಂತೋಷವಾಯಿತು.

ಈ ಮಡಿಯ ಹಿಂದಿರುವ ಶಾಸ್ತ್ರವನ್ನು ಕಟ್ಟಿದವನು ಲೂಯಿ ಪಾಶ್ಚರ್. 1871ರಲ್ಲಿ ಅವನು ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ, ಅಲ್ಲಿಯ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಬೆರೆತಿದ್ದ ಅನ್ಯಜೀವಿಗಳನ್ನು ಯಜಮಾನರ ಕಣ್ಣಿಗೇ ತೋರಿಸಿದ. ಜರ್ಮನಿಯ ಕೈಯಲ್ಲಿ ಫ್ರಾನ್ಸ್ ಸೋತಿದ್ದ ಹೊಸತು. ಬಿಯರಿನಲ್ಲಾದರೂ ಜರ್ಮನರನ್ನು ಮೀರಿಸಬೇಕೆಂಬ ಛಲ ಅವನಲ್ಲಿತ್ತು. ಬಿಯರನ್ನು ಕುರಿತ ಅವನ ಗ್ರಂಥ ಹೊರಬಂದದ್ದು 1876ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ 1883ರಲ್ಲಿ ಯೀಸ್ಟಿನ ಒಂದೇ ಕಣದಿಂದ ಶುದ್ಧ ಸಂತಾನವನ್ನು ಬೆಳೆಸಿದ. 1516ರ ಬವೇರಿಯದ ಪ್ರಸಿದ್ಧ ಬಿಯರ್ ಶಾಸನ ನೀರು, ಬಾರ್ಲಿ, ಹಾಪ್ ಮೂರನ್ನೇ ಹೆಸರಿಸುತ್ತದೆ; ಯೀಸ್ಟಿನ ಮಾತೇ ಅದರಲ್ಲಿಲ್ಲ. ಹುದುಗಿದ್ದವನನ್ನು ಹೆಸರಿಸುವುದೆಂತು!

ಇದೆಲ್ಲ ರುಚಿಯ ಮಾತಾಯಿತು. ಪ್ರಾಣಕ್ಕೆ ತಟ್ಟುವ ಮಾತು ಸೀಸೆಯದು.

ಅವನ ಎರಡನೆಯ ಬಿಯರ್ ನಾನು ಹೋಗುವ ಮೊದಲೇ ಸೀಸೆ ಸೇರಿ, ಮಹಡಿಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತಿತ್ತು. ಮೂರು ವರ್ಷದ ಮಗುವಿನ ಆಟದ ಸಾಮಾನುಗಳೂ ಅಲ್ಲಿಯೇ. ನಾನು ಹೋದ ನಾಲ್ಕನೆಯ ರಾತ್ರಿ ಬಂದೂಕು ಹಾರಿದಂಥ ಶಬ್ದವಾಯಿತು. ಗೂಡಿನ ಬಾಗಿಲು ತೆರೆದರೆ ಒಂದು ಸೀಸೆಯ ಬುಡ ಮಾತ್ರ ನಿಂತಿದೆ. ಉಳಿದದ್ದು ಚೂರುಚೂರಾಗಿ, ಒಂದೆರಡು ಚೂರು ಬಾಗಿಲ ಹಲಗೆಯಲ್ಲಿ ನಾಟಿಕೊಂಡಿವೆ. ಮಗು ಮೇಲೆ ಮಲಗಿತ್ತು. ಸಂಜೆ ಐದು ಗಂಟೆಗಾದರೆ ಅದು ಆ ಗೂಡಿನೊಳಗೇ ಇರುತ್ತಿತ್ತು. ಅಂದು ರಾತ್ರಿ ಅವನ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಆಟದ ಸಾಮಾನುಗಳನ್ನೆಲ್ಲ ಕಸದ ಚೀಲಕ್ಕೆ ತುಂಬಿ ಹೊರಗಿಟ್ಟಳು.

ಕಾರಣವನ್ನು ಮರುದಿನ ಲೆಕ್ಕ ಹಾಕಿದೆವು. ಹತ್ತನೆಯ ದಿನ ಕೊಳವೆ ಸದ್ದು ನಿಲ್ಲಿಸಿತ್ತು; ಅಷ್ಟಕ್ಕೇ ಅವನು ಸೀಸೆಗೆ ತುಂಬಿದ್ದ. ರಾತ್ರಿಯ ಚಳಿಗೆ ಯೀಸ್ಟ್ ಕೆಲಸ ಮುಗಿಸದೆಯೇ ನಿದ್ದೆ ಹೋಗಿತ್ತು. ಅಂಕ 1.010ಕ್ಕೆ ಇಳಿಯಬೇಕಾದದ್ದು 1.020ರಲ್ಲಿ ನಿಂತಿದ್ದರೆ, ಲೀಟರಿಗೆ ಸುಮಾರು 20 ಗ್ರಾಮ್ ಸಕ್ಕರೆ ಇನ್ನೂ ಉಳಿದಿರುತ್ತದೆ. ನಾಲ್ಕು ಗ್ರಾಮ್ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ ಒಂದು ಲೀಟರ್ ಅನಿಲ ಹುಟ್ಟುತ್ತದೆ. ಸಾಮಾನ್ಯ ಬಿಯರಿನ ಪ್ರತಿ ಲೀಟರಿನಲ್ಲಿ ಎರಡರಿಂದ ಎರಡೂವರೆ ಲೀಟರ್ ಅನಿಲ ಕರಗಿರುತ್ತದೆ. ಸೀಸೆಯ ಗಾಜು ಅದಕ್ಕೆ ತಕ್ಕಂತೆ ಮಾಡಿದ್ದು. ಇಲ್ಲಿ ಅದರ ಮೇಲೆ ಇನ್ನೈದು ಲೀಟರ್! ಬೆಚ್ಚಗಿನ ಗೂಡಿನಲ್ಲಿ ಯೀಸ್ಟ್ ಎಚ್ಚೆತ್ತು ಉಳಿದ ಕೆಲಸವನ್ನು ಸೀಸೆಯೊಳಗೆ ಮುಂದುವರಿಸಿತ್ತು.

ಉಳಿದ 30 ಸೀಸೆಗಳು ಗೂಡಿನಲ್ಲಿಯೇ ಇದ್ದವಷ್ಟೆ. ಅವುಗಳನ್ನು ಬೆಚ್ಚಗಿರುವಾಗ ಅಲುಗಿಸಕೂಡದು. ದಪ್ಪ ಕಂಬಳಿ ಹೊದಿಸಿ, ಹಿತ್ತಲ ಬಾಗಿಲನ್ನು ತೆರೆದಿಟ್ಟು, ಇಡೀ ರಾತ್ರಿ ಗೂಡನ್ನು ಚಳಿಗೆ ಒಡ್ಡಿದೆವು. ತಣ್ಣಗಾದಷ್ಟೂ ಅನಿಲ ದ್ರವದೊಳಗೆ ಇಳಿದು ಒತ್ತಡ ತಗ್ಗುತ್ತದೆ. ಬೆಳಗ್ಗೆ ಅವನು ಚರ್ಮದ ಕೈಚೀಲ, ದಪ್ಪ ಕೋಟು, ಕಣ್ಣಿಗೆ ಕಾರ್ಖಾನೆಯ ಕನ್ನಡಕ ಧರಿಸಿ, ಒಂದೊಂದನ್ನೇ ಟವಲಿನಲ್ಲಿ ಸುತ್ತಿ ಹೊರಗೊಯ್ದು ಮುಚ್ಚಳ ಸಡಿಲಿಸಿದ. ನೊರೆ ಆಳೆತ್ತರ ಚಿಮ್ಮಿತು. ಅದನ್ನು ಉಳಿಸಿಕೊಳ್ಳುವ ಆಸೆ ಅವನಿಗಿತ್ತು, ಮತ್ತೆ ಬಿಗಿದಿಡೋಣವೆಂದ, ನಾನು ಒಪ್ಪಲಿಲ್ಲ. ಎಲ್ಲವೂ ಹಿತ್ತಲಿನ ಹುಲ್ಲಿಗೆ ಹೋಯಿತು.

ಇದರ ಮದ್ದು ಬಹಳ ಅಗ್ಗ. ಹೈಡ್ರೋಮೀಟರಿನ ಅಂಕ ಎರಡು ಮೂರು ದಿನ ಒಂದೇ ಸಮನೆ ನಿಂತಿರಬೇಕು. ನಿಂತ ಅಂಕ ಆ ಬಗೆಯ ಬಿಯರಿಗೆ ತಕ್ಕದ್ದೂ ಆಗಿರಬೇಕು. ನಡುವೆಯೇ ನಿಂತಿದ್ದರೆ ಬಕೀಟನ್ನು ಕೊಂಚ ಬೆಚ್ಚಗೆ ಮಾಡಿ, ತಳದ ಯೀಸ್ಟ್ ಮೇಲೇಳುವಂತೆ ಮೆಲ್ಲನೆ ಅಲುಗಿಸಿ ಮತ್ತೆ ಕಾಯುವುದು. ಸೀಸೆಗೊಂದು ಚಮಚದಂತೆ ಸಕ್ಕರೆ ಹಾಕುವ ಪದ್ಧತಿಯೂ ನನಗೆ ಸರಿ ಕಾಣದು. ಒಂದರಲ್ಲಿ ತಲೆಗಟ್ಟಿ ಬಿದ್ದರೆ ಇನ್ನೊಂದರಲ್ಲಿ ಮಟ್ಟಸ. 23 ಲೀಟರಿಗೆ 130 ಗ್ರಾಮ್ ಸಕ್ಕರೆಯನ್ನು ತೂಗಿ, ನೀರಿನಲ್ಲಿ ಕುದಿಸಿ, ಇಡೀ ಬಿಯರಿಗೆ ಒಟ್ಟಿಗೆ ಬೆರೆಸಿ ತುಂಬಿದರೆ ಎಲ್ಲ ಸೀಸೆಗಳೂ ಸಮ.

ಸುದ್ದಿ ತುಮಕೂರಿಗೆ ಮುಟ್ಟದೆ ಇರಲಿಲ್ಲ. ಅಕ್ಕನಿಂದ ಫೋನು. “ಏನೋ ಇದು, ನೀನು ಅಲ್ಲಿದ್ದೂ ಅವನು ಕಳ್ಳಭಟ್ಟಿ ಕಾಯಿಸುತ್ತಿದ್ದಾನಂತೆ? ಕಣ್ಣು ಹೋದರೆ ಯಾರು ಗತಿ?” ಅವಳ ಭಯ ನಿರಾಧಾರವಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಆ ಕಾಲದವರು ಮರೆತಿಲ್ಲ. ಆದರೆ ಅಲ್ಲಿ ಕೊಂದದ್ದು ಮೀಥೈಲ್ ಆಲ್ಕೋಹಾಲೆಂಬ ಬೇರೆಯೇ ವಸ್ತು. ಬಾರ್ಲಿಯ ರಸವನ್ನು ಬರಿದೆ ಹುದುಗಿಸಿದರೆ ಅದು ಲೆಕ್ಕಕ್ಕೆ ಬರುವಷ್ಟು ಹುಟ್ಟುವುದಿಲ್ಲ. ಭಟ್ಟಿ ಇಳಿಸುವ ಕೆಲಸವಂತೂ ಇಲ್ಲವೇ ಇಲ್ಲ. ಬಿಯರಿನ ಹುಳಿ, ಹಾಪಿನ ಕಹಿ, ಮದ್ಯದ ಅಂಶ ಮೂರೂ ಸೇರಿದಲ್ಲಿ ರೋಗ ತರುವ ಜೀವಿಗಳು ಬೆಳೆಯಲಾರವು. ಕೆಟ್ಟ ಬಿಯರ್ ನಾಲಗೆಗೆ ಶಿಕ್ಷೆಯೇ ಹೊರತು ವಿಷವಲ್ಲ. ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕ, “ಗಾಜು?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವಾಸನೆಗಳ ವಿಚಾರ ಬಂದಾಗ ನನಗೆ ನೆನಪಾದದ್ದು ಕವಿರಾಜಮಾರ್ಗ. ಅದರ ಮೊದಲ ಪರಿಚ್ಛೇದದ ವಿಷಯವೇ ದೋಷ ಮತ್ತು ಅದೋಷಗಳ ನಿರ್ಣಯ. ಒಂದೆಡೆ ದೋಷವಾದದ್ದು ಇನ್ನೊಂದೆಡೆ ಗುಣವಾಗಬಹುದೆಂಬುದು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸತಲ್ಲ. ಬಿಯರಿನಲ್ಲಿಯೂ ಹಾಗೆಯೇ. ಇಂಗ್ಲಿಷ್ ಏಲಿನಲ್ಲಿ ಹೊಲ್ಲೆನಿಸುವ ಬಾಳೆಹಣ್ಣಿನ ಕಂಪು ಬವೇರಿಯದ ಗೋಧಿ ಬಿಯರಿಗೆ ಭೂಷಣ. ಅವನ ಬಕೀಟಿನಲ್ಲಿ ಕಳ್ಳನಂತೆ ನುಗ್ಗುವ ಹುಳಿಯ ಬ್ಯಾಕ್ಟೀರಿಯಾವನ್ನೇ ಬೆಲ್ಜಿಯಮ್ಮಿನ ಲಾಂಬಿಕ್ ತಯಾರಕರು ಬಾಗಿಲು ತೆರೆದು ಕರೆಯುತ್ತಾರೆ.

ಕೆಲವು ದೋಷಗಳು ಕಾಲದವು. ಹಸಿ ಸೇಬಿನ ವಾಸನೆ ಬಂದರೆ ಬಿಯರಿನ್ನೂ ಎಳೆಯದೆಂದು ಅರ್ಥ. ಬೆಣ್ಣೆಯ ಜಿಡ್ಡಿನ ವಾಸನೆಯೂ ಬಹುವೇಳೆ ಹಾಗೆಯೇ. ಯೀಸ್ಟ್ ತಾನು ಹೊರಹಾಕಿದ್ದನ್ನು ತಾನೇ ಮತ್ತೆ ಹೀರಿಕೊಳ್ಳುತ್ತದೆ, ಅದರ ಮೇಲಿಂದ ತೆಗೆಯದೆ ನಾಲ್ಕು ದಿನ ಬೆಚ್ಚಗೆ ಬಿಟ್ಟರಾಯಿತು. ನೆನೆದ ರಟ್ಟಿನ ವಾಸನೆಗೆ ಕಾರಣ ಬೇರೆ: ಹುದುಗಿದ ಮೇಲೆ ಗಾಳಿ ಬೆರೆತದ್ದು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕಾಫಿಯನ್ನು ಎತ್ತಿ ಹೊಯ್ಯುವಂತೆ ಹೊಯ್ದರೆ ಅದು ತಪ್ಪದು. ನಳಿಗೆಯ ತುದಿ ತಳಕ್ಕೆ ಮುಟ್ಟಿರಬೇಕು.

ನಮ್ಮನ್ನು ಬಹಳ ಕಾಡಿದ್ದು ಅವನ ಮೂರನೆಯ ಬಿಯರಿನಲ್ಲಿ ಬಂದ ಆಸ್ಪತ್ರೆಯ ವಾಸನೆ. ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಬಿಚ್ಚಿದಂತೆ! ಪಾತ್ರೆಗಳನ್ನು ಮೂರು ಸಲ ತೊಳೆದು ನೋಡಿದ್ದನಂತೆ. ಮಡಿಯ ಲೋಪವಲ್ಲ ಅದು, ನೀರಿನದು. ನಲ್ಲಿಯ ನೀರಿನ ಕ್ಲೋರಿನ್ ಮಾಲ್ಟಿನ ಹಾಗೂ ಯೀಸ್ಟಿನ ಕೆಲವು ಪದಾರ್ಥಗಳೊಡನೆ ಕೂಡಿ ಆ ವಾಸನೆ ಹುಟ್ಟುತ್ತದೆ. ಡಬ್ಬಿಯ ಪಾಕ ಕೊಂಡವರು ಅರ್ಧಕ್ಕೂ ಹೆಚ್ಚು ನೀರನ್ನು ಕುದಿಸದೆಯೇ ನಲ್ಲಿಯಿಂದ ಹಿಡಿದು ತುಂಬುತ್ತಾರೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ. ಕೆಲವೆಡೆ ಅದರ ಬದಲು ಹಾಕುವ ಕ್ಲೋರಮಿನ್ ಅಷ್ಟು ಸುಲಭವಾಗಿ ಹೋಗದು. ಕ್ಯಾಂಪ್ಡನ್ ಮಾತ್ರೆ ಎಂಬ ಗಂಧಕದ ಲವಣದ ಬಿಲ್ಲೆ ಸಿಗುತ್ತದೆ. ಅರ್ಧ ಬಿಲ್ಲೆಯನ್ನು ಪುಡಿಮಾಡಿ 23 ಲೀಟರ್ ನೀರಿಗೆ ಹಾಕಿದರೆ ಎರಡೂ ಕೆಲವು ನಿಮಿಷಗಳಲ್ಲಿ ನಿರ್ನಾಮ. ನಾಲ್ಕನೆಯ ಸಲ ನಾವು ನೀರಿಗೆ ಮೊದಲು ಹಾಕಿದ್ದು ಅದನ್ನೇ.

ಆ ನಾಲ್ಕನೆಯದು ಹದಿನೇಳನೆಯ ದಿನಕ್ಕೆ 1.010ಕ್ಕೆ ಇಳಿದು, ಮೂರು ದಿನ ಅಲ್ಲಿಯೇ ನಿಂತಿತು. ಅವನು ಅಂಕಗಳನ್ನು ತಾರೀಖಿನೊಡನೆ ಬರೆದ ಹಾಳೆಯನ್ನು ಹೆಂಡತಿಯ ಮುಂದಿಟ್ಟ. ಅವಳು ಓದಿ, ಸೀಸೆಗಳು ಮನೆಯೊಳಗೆ ಬರಕೂಡದೆಂದಳು. ಹಿತ್ತಲಿನ ಸಾಮಾನಿನ ಕೊಟ್ಟಿಗೆಯಲ್ಲಿ, ಬೀಗವುಳ್ಳ ಮರದ ಪೆಟ್ಟಿಗೆಯೊಳಗೆ ಅವನ್ನು ಇರಿಸಿದ್ದಾಯಿತು. ಎಲ್ಲವೂ ಕಂದು ಗಾಜಿನವು, ಒಂದನ್ನುಳಿದು. ಅದೊಂದು ಬಿಳಿಯ ಗಾಜಿನ ಸೀಸೆ. ಬೆಳಕು ಹಾಪಿನ ಕಹಿಯನ್ನು ಒಡೆದು ದುರ್ಗಂಧ ಹುಟ್ಟಿಸುತ್ತದೆಂದು ಪುಸ್ತಕದಲ್ಲಿದ್ದದ್ದನ್ನು ಪರೀಕ್ಷಿಸಲು ಅದನ್ನು ಬೇರೆಯಾಗಿ ತುಂಬಿದ್ದೆವು. ಎರಡು ವಾರ ಕಳೆದು ನೊರೆ ಕಟ್ಟಿದ ಮೇಲೆ ಅದನ್ನು ಕೊಟ್ಟಿಗೆಯ ಕಿಟಕಿಯಲ್ಲಿ ಒಂದು ಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಸಂಜೆ ಕಂದು ಸೀಸೆಯೊಂದನ್ನೂ ಅದನ್ನೂ ಎರಡು ಲೋಟಗಳಿಗೆ ಬಗ್ಗಿಸಿ, ಯಾವುದು ಯಾವುದೆಂದು ಹೇಳದೆ ಅವನ ಹೆಂಡತಿಯ ಮುಂದೆ ಇಟ್ಟೆವು. ಅವಳೂ ಕುಡಿಯುವವಳಲ್ಲ. ಒಂದು ಲೋಟವನ್ನು ಮೂಸಿ ಮುಖ ಹಿಂಡಿ ಅತ್ತ ಸರಿಸಿದಳು. ಇನ್ನೊಂದನ್ನು ಮೂಸಿ, ಸ್ವಲ್ಪ ಯೋಚಿಸಿ, “ಇದು ರೊಟ್ಟಿ ಸುಟ್ಟ ಹಾಗಿದೆ, ಮಾವ” ಎಂದಳು.